ಹದಿನಾರರ ಗಡಿ: ಆಸ್ಟ್ರೇಲಿಯಾದ ಕಾನೂನು ತಡೆಯುವುದೇನು, ಬಿಡುವುದೇನು

2025ರ ಡಿಸೆಂಬರ್ 10ರಂದು ಆಸ್ಟ್ರೇಲಿಯಾದಲ್ಲಿ ಜಾರಿಗೆ ಬಂದ, 16 ವರ್ಷ ತುಂಬದವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ತಡೆಯುವ ಕಾನೂನೊಂದು ಜಗತ್ತಿನಾದ್ಯಂತ ‘ಮಕ್ಕಳಿಗೆ ಸಾಮಾಜಿಕ ಜಾಲತಾಣ ನಿಷೇಧ’ ಎಂಬ ತಲೆಬರಹದಲ್ಲಿ ಸುದ್ದಿಯಾಯಿತು. ತಲೆಬರಹ ಚಿಕ್ಕದು, ಅದರಿಂದ ಹುಟ್ಟಿದ ಗೊಂದಲ ದೊಡ್ಡದು. ಮಗು ಸುಳ್ಳು ವಯಸ್ಸು ಹೇಳಿ ಖಾತೆ ತೆರೆದರೆ ತಂದೆ ತಾಯಿ ದಂಡ ಕಟ್ಟಬೇಕೇ? ಯೂಟ್ಯೂಬ್‌ನಲ್ಲಿ ಗಣಿತದ ಪಾಠ ನೋಡುವುದೂ ಇನ್ನು ಮುಂದೆ ತಪ್ಪೇ? ವಾಟ್ಸ್‌ಆ್ಯಪ್ ಇದರಲ್ಲಿ ಸೇರಿದೆಯೇ? ಹದಿನಾರು ಎಂಬ ಸಂಖ್ಯೆಯನ್ನು ಯಾವ ಆಧಾರದ ಮೇಲೆ ಗೊತ್ತುಮಾಡಲಾಯಿತು? ಕಾನೂನು ಜಾರಿಯಾಗಿ ಸುಮಾರು ಒಂದು ತಿಂಗಳು ಕಳೆದ ಮೇಲೆ, 47 ಲಕ್ಷದಷ್ಟು ಖಾತೆಗಳನ್ನು ಮುಚ್ಚಲಾಗಿದೆ ಅಥವಾ ನಿರ್ಬಂಧಿಸಲಾಗಿದೆ ಎಂದು ಅಲ್ಲಿನ ಸರ್ಕಾರ ಪ್ರಕಟಿಸಿದಾಗ ಕೆಲವರು ಅದನ್ನು ಗೆಲುವೆಂದು ಕರೆದರು, ಇನ್ನು ಕೆಲವರು ಬರೀ ಅಂಕಿಸಂಖ್ಯೆಯೆಂದು ತಳ್ಳಿಹಾಕಿದರು.

ಈ ಎಲ್ಲ ಪ್ರಶ್ನೆಗಳ ಅಡಿಯಲ್ಲಿ ಇನ್ನೂ ಒಂದು ಪ್ರಶ್ನೆ ಇದೆ, ಮತ್ತು ಅದೇ ಮುಖ್ಯವಾದದ್ದು. ಸಾಮಾಜಿಕ ಜಾಲತಾಣದಿಂದ ಆಗುತ್ತಿರುವ ತೊಂದರೆಯ ಮೂಲ ಬಳಸುವವರ ವಯಸ್ಸಿನಲ್ಲಿದೆಯೋ, ಅಥವಾ ಆ ತಾಣಗಳನ್ನು ಕಟ್ಟಿರುವ ರೀತಿಯಲ್ಲಿದೆಯೋ? ಮೊದಲನೆಯದು ನಿಜವಾದರೆ ಬಾಗಿಲಲ್ಲಿ ಕಾವಲು ಹಾಕಿದರೆ ಸಾಕು. ಎರಡನೆಯದು ನಿಜವಾದರೆ ಮನೆಯನ್ನೇ ತಿದ್ದಬೇಕಾಗುತ್ತದೆ. ಆಸ್ಟ್ರೇಲಿಯಾ ಸದ್ಯಕ್ಕೆ ಬಾಗಿಲಲ್ಲಿ ಕಾವಲು ಹಾಕಿದೆ.

ಕಾನೂನಿನಲ್ಲಿ ಇರುವುದೇನು

2021ರ ಆನ್‌ಲೈನ್ ಸುರಕ್ಷತಾ ಕಾಯ್ದೆಗೆ ತಿದ್ದುಪಡಿ ತಂದು ಈ ನಿಯಮವನ್ನು ರೂಪಿಸಲಾಗಿದೆ. ಮಸೂದೆ 2024ರ ನವೆಂಬರ್‌ನಲ್ಲಿ ಮಂಡನೆಯಾಗಿ ಸುಮಾರು ಒಂದು ವಾರದಲ್ಲೇ ಸಂಸತ್ತಿನ ಒಪ್ಪಿಗೆ ಪಡೆಯಿತು. ಇಷ್ಟು ಅವಸರ ಬೇಕಿತ್ತೇ ಎಂಬ ಟೀಕೆ ಆಗಲೇ ಕೇಳಿಬಂದಿತ್ತು. ಜಾರಿಗೆ ಮುನ್ನ ಕಂಪನಿಗಳಿಗೆ ಒಂದು ವರ್ಷದ ಕಾಲಾವಕಾಶ ಸಿಕ್ಕಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಥ್ರೆಡ್ಸ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಎಕ್ಸ್, ಯೂಟ್ಯೂಬ್, ರೆಡಿಟ್, ಟ್ವಿಚ್ ಮತ್ತು ಕಿಕ್ ಎಂಬ ಹತ್ತು ತಾಣಗಳು ಮೊದಲ ಹಂತದಲ್ಲಿ ಇದರ ವ್ಯಾಪ್ತಿಗೆ ಬಂದವು. ಯೂಟ್ಯೂಬ್‌ಗೆ ಆರಂಭದಲ್ಲಿ ವಿನಾಯಿತಿ ಕೊಡುವ ಆಲೋಚನೆ ಇತ್ತಾದರೂ 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ವಾಟ್ಸ್‌ಆ್ಯಪ್ ಮತ್ತು ಮೆಸೆಂಜರ್‌ನಂತಹ ಸಂದೇಶ ಸೇವೆಗಳು, ಯೂಟ್ಯೂಬ್ ಕಿಡ್ಸ್, ಶಾಲಾ ಕೆಲಸಕ್ಕೆ ಬಳಸುವ ಗೂಗಲ್ ಕ್ಲಾಸ್‌ರೂಂ ಇದರಿಂದ ಹೊರಗಿವೆ.

ದಂಡದ ವಿಷಯ ಹೆಚ್ಚು ಜನರನ್ನು ದಾರಿ ತಪ್ಪಿಸಿದೆ. ಈ ಕಾನೂನಿನಡಿ ಮಗುವಿಗಾಗಲಿ ಪೋಷಕರಿಗಾಗಲಿ ಯಾವ ಶಿಕ್ಷೆಯೂ ಇಲ್ಲ. ಹೊಣೆ ಪೂರ್ತಿಯಾಗಿ ಕಂಪನಿಯದು. 16 ವರ್ಷ ತುಂಬದವರು ಖಾತೆ ಹೊಂದದಂತೆ ನೋಡಿಕೊಳ್ಳಲು ‘ಸಮಂಜಸ ಕ್ರಮ’ಗಳನ್ನು ತೆಗೆದುಕೊಳ್ಳದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ ವಿಧಿಸಬಹುದು. ಪೋಷಕರು ಒಪ್ಪಿಗೆ ಕೊಟ್ಟರೂ ಕಂಪನಿಗೆ ವಿನಾಯಿತಿ ಸಿಗುವುದಿಲ್ಲ. ಮೇಲ್ನೋಟಕ್ಕೆ ಇದು ಪೋಷಕರ ಅಧಿಕಾರವನ್ನು ಕಸಿದುಕೊಂಡಂತೆ ಕಾಣುತ್ತದೆ. ಆದರೆ ‘ಎಲ್ಲರ ಮನೆಯಲ್ಲೂ ಬಿಟ್ಟಿದ್ದಾರೆ, ನೀವು ಮಾತ್ರ ಬೇಡ ಅನ್ನುತ್ತೀರಿ’ ಎಂಬ ಮಾತಿಗೆ ಉತ್ತರ ಕೊಡಲಾಗದೆ ಸೋಲುತ್ತಿದ್ದ ತಂದೆ ತಾಯಿಯ ಬೆನ್ನಿಗೆ ನಿಲ್ಲುವುದು ಇದರ ಉದ್ದೇಶ.

ಇನ್ನೂ ಒಂದು ಅಂಶವನ್ನು ಸುದ್ದಿಗಳು ಬಹುಮಟ್ಟಿಗೆ ಬಿಟ್ಟುಬಿಟ್ಟವು. ಕಾನೂನು ತಡೆಯುವುದು ಖಾತೆಯನ್ನು, ನೋಡುವುದನ್ನಲ್ಲ. ಲಾಗಿನ್ ಆಗದೆ ನೋಡಬಹುದಾದ ವಿಡಿಯೊಗಳನ್ನು ಹದಿನಾಲ್ಕರ ಹುಡುಗ ಈಗಲೂ ನೋಡಬಹುದು. ಗಣಿತದ ಪಾಠಕ್ಕೆ ಅಡ್ಡಿಯಿಲ್ಲ. ಆದರೆ ಗಣಿತದ ಪಾಠದ ಪಕ್ಕದಲ್ಲಿ ಬಂದು ಕೂರುವ ಬೇರೆ ವಿಡಿಯೊಗಳಿಗೂ ಅಡ್ಡಿಯಿಲ್ಲ. ಖಾತೆ ಇದ್ದಾಗ ಪೋಷಕರು ಹಾಕಬಹುದಾಗಿದ್ದ ಕೆಲವು ನಿಯಂತ್ರಣಗಳು ಲಾಗಿನ್ ಇಲ್ಲದ ಬಳಕೆಯಲ್ಲಿ ಕೆಲಸ ಮಾಡುವುದಿಲ್ಲ ಎಂದು ಯೂಟ್ಯೂಬ್ ವಾದಿಸಿದ್ದು ಈ ಕಾರಣಕ್ಕೆ. ಕಂಪನಿಯ ಸ್ವಹಿತ ಅದರಲ್ಲಿ ಬೆರೆತಿದೆ ಎಂಬುದು ನಿಜ, ಆದರೂ ಮಾತು ಸುಳ್ಳಲ್ಲ.

ಹದಿಮೂರು ಹೇಗೆ ಬಂತು, ಹದಿನಾರು ಹೇಗೆ ಬಂತು

ಜಾಲತಾಣಗಳಲ್ಲಿ ವಯಸ್ಸಿನ ಮಿತಿ ಹೊಸದೇನಲ್ಲ. ಹೆಚ್ಚಿನ ಕಂಪನಿಗಳು ಬಹುಕಾಲದಿಂದ 13 ವರ್ಷದ ನಿಯಮವನ್ನು ಇಟ್ಟುಕೊಂಡಿವೆ. ಇದು ಮಕ್ಕಳ ಮನೋವಿಕಾಸವನ್ನು ಅಧ್ಯಯನ ಮಾಡಿ ಹುಟ್ಟಿದ ಸಂಖ್ಯೆಯಲ್ಲ. 1998ರಲ್ಲಿ ಅಮೆರಿಕ ತಂದ ಮಕ್ಕಳ ಆನ್‌ಲೈನ್ ಖಾಸಗಿತನ ಕಾಯ್ದೆಯು 13ಕ್ಕಿಂತ ಚಿಕ್ಕ ಮಕ್ಕಳ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕೆಂದಿತು. ಆ ಒಪ್ಪಿಗೆ ಪಡೆಯುವ ತೊಡಕಿನಿಂದ ತಪ್ಪಿಸಿಕೊಳ್ಳಲು ಕಂಪನಿಗಳು 13 ತುಂಬದವರಿಗೆ ಪ್ರವೇಶವಿಲ್ಲ ಎಂದು ಬರೆದುಕೊಂಡವು. ಪರಿಶೀಲನೆ ಇರಲಿಲ್ಲ, ಹುಟ್ಟಿದ ವರ್ಷವನ್ನು ಬದಲಿಸಿ ಬರೆದರೆ ಬಾಗಿಲು ತೆರೆಯುತ್ತಿತ್ತು. ಹತ್ತು ಹನ್ನೊಂದರ ಮಕ್ಕಳು ಹೀಗೆ ಒಳಗೆ ಬರುತ್ತಿದ್ದುದು ಎಲ್ಲರಿಗೂ ತಿಳಿದಿತ್ತು, ಕಂಪನಿಗಳಿಗೂ.

ಹದಿನಾರರ ಆಯ್ಕೆಯೂ ಪ್ರಯೋಗಾಲಯದಿಂದ ಬಂದದ್ದಲ್ಲ. ಮನೋವಿಜ್ಞಾನಿ ಏಮಿ ಆರ್ಬೆನ್ ಮತ್ತು ಸಹ ಸಂಶೋಧಕರು ಬ್ರಿಟನ್ನಿನ ದತ್ತಾಂಶವನ್ನು ಆಧರಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಜಾಲತಾಣದ ಹೆಚ್ಚು ಬಳಕೆ ಮುಂದಿನ ವರ್ಷದ ಜೀವನತೃಪ್ತಿಯನ್ನು ಕುಗ್ಗಿಸುವ ಸಾಧ್ಯತೆ ಹುಡುಗಿಯರಲ್ಲಿ 11ರಿಂದ 13ರ ನಡುವೆ ಮತ್ತು ಹುಡುಗರಲ್ಲಿ 14–15ರ ವಯಸ್ಸಿನಲ್ಲಿ ಎದ್ದು ಕಾಣುತ್ತದೆ. ಇಬ್ಬರಲ್ಲೂ 19ರ ಹೊತ್ತಿಗೆ ಮತ್ತೊಮ್ಮೆ ಕಾಣಿಸಿಕೊಳ್ಳುತ್ತದೆ. ಅಂದರೆ ಹದಿನಾರು ಎಂಬುದು ಸೂಕ್ಷ್ಮ ವಯಸ್ಸಿನ ದೊಡ್ಡ ಭಾಗವನ್ನು ಒಳಗೊಳ್ಳುತ್ತದೆ, ಆದರೆ ಅಲ್ಲಿಗೆ ಅಪಾಯ ಮುಗಿಯಿತು ಎನ್ನುವಂತಿಲ್ಲ. ಮತದಾನಕ್ಕಾಗಲಿ ವಾಹನ ಚಾಲನೆಗಾಗಲಿ ಎಳೆದ ಗೆರೆಗಳಂತೆ ಇದೂ ಸಮಾಜ ಒಪ್ಪಿಕೊಂಡ ಗೆರೆ. ಅಂಥ ಗೆರೆಗಳು ಬೇಕು. ಅವುಗಳನ್ನು ವೈಜ್ಞಾನಿಕ ಸತ್ಯವೆಂದು ತಿಳಿಯಬಾರದು ಅಷ್ಟೇ.

ಬೆರಳು ಏಕೆ ನಿಲ್ಲುವುದಿಲ್ಲ

ಅಭ್ಯಾಸದ ಮಾತಿಗೆ ಬಂದರೆ, ‘ಜನರಿಗೆ ಸಂಯಮವಿಲ್ಲ’ ಎಂಬ ವಿವರಣೆ ಸುಲಭವಾಗಿ ಸಿಗುತ್ತದೆ. ಆದರೆ ಆ ವಿವರಣೆ ಪರದೆಯ ಮೇಲೆ ನಡೆಯುವ ಕೆಲಸವನ್ನು ಮರೆಮಾಡುತ್ತದೆ.

ಹಳೆಯ ಜಾಲಪುಟಗಳಲ್ಲಿ ಪುಟದ ಕೊನೆ ಎಂಬುದೊಂದು ಇರುತ್ತಿತ್ತು. ಅಲ್ಲಿ ‘ಮುಂದಿನ ಪುಟ’ ಎಂಬ ಗುಂಡಿ. ಆ ಗುಂಡಿ ಒತ್ತುವ ಮೊದಲು ಅರೆಕ್ಷಣದ ಬಿಡುವು ಸಿಗುತ್ತಿತ್ತು. ಸಾಕೋ ಬೇಕೋ ಎಂದು ಮನಸ್ಸು ಕೇಳಿಕೊಳ್ಳುತ್ತಿದ್ದುದು ಆ ಬಿಡುವಿನಲ್ಲಿ. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯಿಲ್ಲದೆ ಸರಿಯುವ ಪುಟವನ್ನು ರೂಪಿಸಿದರು. ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಓದುಗರ ಶ್ರಮ ಕಡಿಮೆ ಮಾಡುವುದಾಗಿತ್ತು. ಆದರೆ ಗುಂಡಿಯ ಜೊತೆಗೆ ಆ ಬಿಡುವೂ ಮಾಯವಾಯಿತು. ಇದಕ್ಕಾಗಿ ಅವರು ಮುಂದೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ. 2009ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಲೈಕ್ ಗುಂಡಿಯನ್ನು ತಂದಿತು. ಮೆಚ್ಚುಗೆ ಅಲ್ಲಿಯವರೆಗೆ ಮುಖಭಾವದಲ್ಲಿ, ಮಾತಿನ ಧಾಟಿಯಲ್ಲಿ ತಿಳಿಯುತ್ತಿದ್ದ ಸಂಗತಿಯಾಗಿತ್ತು. ಅಲ್ಲಿಂದ ಮುಂದೆ ಅದು ಎಣಿಸಬಹುದಾದ ಸಂಖ್ಯೆಯಾಯಿತು. ಎಣಿಕೆ ಬಂದ ಮೇಲೆ ಹೋಲಿಕೆ ಬಂತು.

ಹೆಬ್ಬೆರಳು ಪರದೆಯನ್ನು ಕೆಳಕ್ಕೆ ಎಳೆದು ಬಿಡುವ ಒಂದು ಚಲನೆಯನ್ನೇ ಗಮನಿಸಿ. ಮೇಲ್ಗಡೆ ಪುಟ್ಟ ವೃತ್ತವೊಂದು ತಿರುಗುತ್ತದೆ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಹೊಸದೇನೋ ಬರುತ್ತದೆ: ಒಮ್ಮೆ ಗೆಳತಿಯ ಚಿತ್ರ, ಒಮ್ಮೆ ಜಾಹೀರಾತು, ಒಮ್ಮೆ ಬೆಳಿಗ್ಗೆ ನೋಡಿದ್ದೇ, ಮತ್ತೊಮ್ಮೆ ಹನ್ನೆರಡು ಹೊಸ ಲೈಕ್‌ಗಳು. ಪ್ರತಿ ಸಲವೂ ಏನಾದರೂ ಒಳ್ಳೆಯದು ಸಿಗುವಂತಿದ್ದರೆ ಬೇಗ ಬೇಸರವಾಗುತ್ತಿತ್ತು. ಎಂದೂ ಸಿಗದಿದ್ದರೆ ಬೆರಳು ಅತ್ತ ಹೋಗುತ್ತಲೇ ಇರಲಿಲ್ಲ. ಯಾವಾಗ ಸಿಗುತ್ತದೆ ಎಂದು ತಿಳಿಯದಿರುವುದೇ ಮತ್ತೆ ಮತ್ತೆ ಎಳೆಸುತ್ತದೆ. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದೂ ಇದನ್ನೇ: ಅನಿಶ್ಚಿತವಾಗಿ ಕಾಳು ಉದುರುವಾಗ ಪಕ್ಷಿ ಗುಂಡಿಯನ್ನು ಕುಕ್ಕುವುದನ್ನು ಸುಲಭವಾಗಿ ಬಿಡುವುದಿಲ್ಲ. ಜೂಜಿನ ಯಂತ್ರ ನಡೆಯುವುದೂ ಇದೇ ತತ್ವದ ಮೇಲೆ.

ಇದರ ಹಿಂದಿನ ಹಣದ ಲೆಕ್ಕ ಸರಳ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆತನದ ಮೆಟಾ ಕಂಪನಿಯ 2024ರ ಆದಾಯ ಸುಮಾರು 16,450 ಕೋಟಿ ಅಮೆರಿಕನ್ ಡಾಲರ್. ಅದರಲ್ಲಿ ಶೇ 97ಕ್ಕಿಂತ ಹೆಚ್ಚು ಜಾಹೀರಾತಿನಿಂದ ಬಂದದ್ದು. ಜಾಹೀರಾತು ತೋರಿಸಬೇಕಾದರೆ ಜನ ಪರದೆಯ ಮುಂದೆ ಇರಬೇಕು. ಆದ್ದರಿಂದ ಬಳಕೆದಾರನ ಸಮಯ ಉಳಿಸುವ ವಿನ್ಯಾಸ ಕಂಪನಿಗೆ ನಷ್ಟ, ಸಮಯ ಎಳೆಯುವ ವಿನ್ಯಾಸ ಲಾಭ. ಕೆಟ್ಟ ಮನಸ್ಸಿನ ವ್ಯಕ್ತಿ ಯಾರೂ ಇಲ್ಲದಿದ್ದರೂ ಈ ಲೆಕ್ಕ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ.

ಹಾನಿಯ ಬಗ್ಗೆ ಸಂಶೋಧಕರಲ್ಲೇ ಭಿನ್ನಮತ

ಜಾಲತಾಣಗಳು ಹದಿಹರೆಯದವರ ಮಾನಸಿಕ ಆರೋಗ್ಯವನ್ನು ಕೆಡಿಸುತ್ತಿವೆಯೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡುವವರನ್ನು ನಂಬುವುದು ಕಷ್ಟ. ಸಾಕ್ಷ್ಯ ಎರಡೂ ಕಡೆ ಇದೆ, ಮತ್ತು ಎರಡೂ ಕಡೆಯ ಸಾಕ್ಷ್ಯ ಗಂಭೀರವಾದದ್ದು.

ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಅಮೆರಿಕ ಸರ್ಕಾರದ ಮುಖ್ಯ ವೈದ್ಯರಾದ ಅಂದಿನ ಸರ್ಜನ್ ಜನರಲ್ ವಿವೇಕ್ ಮೂರ್ತಿ 2023ರ ಮೇನಲ್ಲಿ ಹೊರಡಿಸಿದ ಸಲಹಾ ಪತ್ರದಲ್ಲಿ, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕಾಲ ಜಾಲತಾಣ ಬಳಸುವ ಹದಿಹರೆಯದವರಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳ ಅಪಾಯ ಎರಡು ಪಟ್ಟು ಕಂಡುಬಂದಿದೆ ಎಂದು ಎಚ್ಚರಿಸಿದರು. ಸಿಗರೇಟಿನ ಪೊಟ್ಟಣದ ಮೇಲಿರುವಂತೆ ಜಾಲತಾಣಗಳ ಮೇಲೂ ಎಚ್ಚರಿಕೆ ಇರಬೇಕೆಂದು ಮರುವರ್ಷ ಒತ್ತಾಯಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 44 ದೇಶ–ಪ್ರಾಂತ್ಯಗಳ ಸುಮಾರು 2.8 ಲಕ್ಷ ಮಕ್ಕಳು ಭಾಗವಹಿಸಿದ್ದರು. ಬಳಕೆಯನ್ನು ಹತೋಟಿಯಲ್ಲಿಡಲಾಗದೆ ತೊಂದರೆಗೆ ಸಿಲುಕಿದವರ ಪಾಲು 2018ರಲ್ಲಿ ಶೇ 7 ಇದ್ದದ್ದು 2022ರ ಹೊತ್ತಿಗೆ ಶೇ 11 ಆಗಿತ್ತು. ಹುಡುಗಿಯರಲ್ಲಿ ಶೇ 13.

ಕಂಪನಿಯ ಒಳಗಿನಿಂದಲೇ ಬಂದ ಸಾಕ್ಷ್ಯ ಇನ್ನೂ ಕಹಿಯಾದದ್ದು. ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸೆಸ್ ಹೌಗನ್ 2021ರಲ್ಲಿ ಹೊರಗೆಡಹಿದ ದಾಖಲೆಗಳ ಪೈಕಿ 2019ರ ಒಂದು ಆಂತರಿಕ ಟಿಪ್ಪಣಿ ಇತ್ತು. ಹದಿಹರೆಯದ ಮೂವರು ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ದೇಹದ ಬಗೆಗಿನ ಕೀಳರಿಮೆಯನ್ನು ಇನ್‌ಸ್ಟಾಗ್ರಾಂ ಹೆಚ್ಚಿಸುತ್ತದೆ ಎಂಬುದು ಅದರ ಸಾರ. ಈ ಅಧ್ಯಯನವನ್ನು ಸಂದರ್ಭದಿಂದ ಬೇರ್ಪಡಿಸಿ ಓದಲಾಗುತ್ತಿದೆ ಎಂದು ಕಂಪನಿ ಹೇಳಿತು. ಮಕ್ಕಳ ಬಗ್ಗೆ ಇಂಥದ್ದೊಂದು ಅನುಮಾನ ತನ್ನದೇ ಕಡತದಲ್ಲಿ ಇರುವಾಗ ಅದನ್ನು ಪೋಷಕರಿಗೆ ತಿಳಿಸದೆ ಇಟ್ಟುಕೊಂಡದ್ದನ್ನು ಯಾವ ಸಂದರ್ಭವೂ ಸಮರ್ಥಿಸುವುದಿಲ್ಲ.

ಇನ್ನೊಂದು ಬದಿಯಲ್ಲಿ, ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ದತ್ತಾಂಶವನ್ನು ಪರಿಶೀಲಿಸಿ, ಅವರ ಕ್ಷೇಮದಲ್ಲಿ ಕಾಣುವ ವ್ಯತ್ಯಾಸದಲ್ಲಿ ಡಿಜಿಟಲ್ ಸಾಧನಗಳ ಬಳಕೆ ವಿವರಿಸುವ ಪಾಲು ಹೆಚ್ಚೆಂದರೆ ಶೇ 0.4 ಎಂದು ತೋರಿಸಿದರು. ಜೊನಾಥನ್ ಹೈಟ್ ಅವರಂತಹ ಚಿಂತಕರು ಇಡೀ ಪೀಳಿಗೆಯ ಆತಂಕಕ್ಕೆ ಸ್ಮಾರ್ಟ್‌ಫೋನ್ ಕಾರಣವೆಂದರೆ, ಕ್ಯಾಂಡಿಸ್ ಆಡ್ಜರ್ಸ್ ಅವರಂತಹ ಮನೋವಿಜ್ಞಾನಿಗಳು ಸಹಸಂಬಂಧವನ್ನೇ ಕಾರಣವೆಂದು ತಿಳಿಯಬೇಡಿ ಎನ್ನುತ್ತಾರೆ. ಖಿನ್ನತೆಯಲ್ಲಿರುವ ಹುಡುಗಿ ಹೆಚ್ಚು ಹೊತ್ತು ಫೋನ್ ಹಿಡಿದಿದ್ದರೆ, ಫೋನಿನಿಂದ ಖಿನ್ನತೆ ಬಂತೋ ಖಿನ್ನತೆಯಿಂದ ಫೋನಿನ ಮೊರೆಹೋದಳೋ?

ಈ ಗಂಟನ್ನು ಬಿಡಿಸಲು ಒಂದು ಅಧ್ಯಯನ ಹೆಚ್ಚು ನೆರವಾಗುತ್ತದೆ. 2004ರಲ್ಲಿ ಹಾರ್ವರ್ಡ್‌ನಲ್ಲಿ ಹುಟ್ಟಿದ ಫೇಸ್‌ಬುಕ್ ಅಮೆರಿಕದ ಎಲ್ಲ ಕಾಲೇಜುಗಳಿಗೆ ಒಟ್ಟಿಗೆ ಬರಲಿಲ್ಲ. ಕಾಲೇಜಿನಿಂದ ಕಾಲೇಜಿಗೆ ಹಂತಹಂತವಾಗಿ ಬಂತು. ಹೀಗಾಗಿ ಅದು ಬಂದಿದ್ದ ಕಾಲೇಜುಗಳನ್ನೂ ಇನ್ನೂ ಬರದ ಕಾಲೇಜುಗಳನ್ನೂ ಹೋಲಿಸಿ ನೋಡಲು ಅರ್ಥಶಾಸ್ತ್ರಜ್ಞರಾದ ಬ್ರಾಗಿಯೆರಿ, ಲೆವಿ ಮತ್ತು ಮಕಾರಿನ್ ಅವರಿಗೆ ಸಾಧ್ಯವಾಯಿತು. ಫೇಸ್‌ಬುಕ್ ಬಂದ ಕಡೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುಸಿದಿತ್ತು, ಮತ್ತು ಇತರರೊಂದಿಗೆ ತಮ್ಮನ್ನು ಹೋಲಿಸಿಕೊಳ್ಳುವುದು ಅದಕ್ಕೊಂದು ಕಾರಣವಾಗಿ ಕಂಡಿತು. ಇಲ್ಲಿ ಗಮನಿಸಬೇಕಾದದ್ದು, ಆ ವಿದ್ಯಾರ್ಥಿಗಳು ಮಕ್ಕಳಾಗಿರಲಿಲ್ಲ. ಕಾಲೇಜು ಮೆಟ್ಟಿಲೇರಿದ ವಯಸ್ಕರಾಗಿದ್ದರು.

ಎಲ್ಲವನ್ನೂ ಕೂಡಿಸಿ ನೋಡಿದರೆ, ಸರಾಸರಿಯಲ್ಲಿ ಪರಿಣಾಮ ಚಿಕ್ಕದು, ಕೆಲವರ ಮೇಲೆ ಬಹಳ ದೊಡ್ಡದು ಎನ್ನುವುದು ಹೆಚ್ಚು ಸರಿ. ಸರಾಸರಿ ಚಿಕ್ಕದೆಂಬ ಕಾರಣಕ್ಕೆ ತೀವ್ರವಾಗಿ ನೊಂದವರನ್ನು ಲೆಕ್ಕದಿಂದ ಬಿಡಲಾಗುವುದಿಲ್ಲ. ಹಾಗೆಯೇ, ಅಂಥವರಿದ್ದಾರೆಂಬ ಕಾರಣಕ್ಕೆ ಪ್ರತಿಯೊಬ್ಬ ಬಳಕೆದಾರನನ್ನೂ ರೋಗಿಯೆಂದು ಕಾಣಲೂ ಆಗುವುದಿಲ್ಲ.

ಪರ ಮತ್ತು ವಿರೋಧ

ಕಾನೂನಿನ ಪರವಾಗಿರುವವರ ಅತ್ಯಂತ ಬಲವಾದ ವಾದ ಸಾಮೂಹಿಕ ಇಕ್ಕಟ್ಟಿನದು. ತರಗತಿಯ ಮೂವತ್ತು ಮಕ್ಕಳಲ್ಲಿ ಇಪ್ಪತ್ತೆಂಟು ಮಂದಿ ಸ್ನ್ಯಾಪ್‌ಚಾಟ್‌ನಲ್ಲಿದ್ದರೆ ಉಳಿದ ಇಬ್ಬರು ಮಾತುಕತೆಯಿಂದ, ಹುಟ್ಟುಹಬ್ಬದ ಕರೆಯಿಂದ, ನಗುವಿನಿಂದಲೂ ಹೊರಗುಳಿಯುತ್ತಾರೆ. ಆ ಇಬ್ಬರ ಪೋಷಕರು ಎಷ್ಟೇ ವಿವೇಕಿಗಳಾಗಿದ್ದರೂ ಒಂಟಿಯಾಗಿ ಈ ಒತ್ತಡವನ್ನು ತಡೆಯಲಾರರು. ಎಲ್ಲರಿಗೂ ಒಟ್ಟಿಗೆ ‘ಇಲ್ಲ’ ಎನ್ನುವ ನಿಯಮ ಬಂದಾಗ ಹೊರಗುಳಿಯುವ ನೋವೇ ಇಲ್ಲವಾಗುತ್ತದೆ. ಒಬ್ಬರಿಗೆ ಅಸಾಧ್ಯವಾದದ್ದು ಎಲ್ಲರಿಗೂ ಒಟ್ಟಿಗೆ ಸಾಧ್ಯವಾಗುವ ಈ ತರ್ಕವನ್ನು ಅಲ್ಲಗಳೆಯುವುದು ಸುಲಭವಲ್ಲ.

ವಿರೋಧಿಸುವವರಲ್ಲಿ ಕಂಪನಿಗಳು ಮಾತ್ರ ಇಲ್ಲ. ಮಸೂದೆಗೆ ಮುನ್ನವೇ, 2024ರ ಅಕ್ಟೋಬರ್‌ನಲ್ಲಿ 140ಕ್ಕೂ ಹೆಚ್ಚು ತಜ್ಞರು ಮತ್ತು ಮಕ್ಕಳ ಹಿತಾಸಕ್ತಿಯ ಸಂಘಟನೆಗಳು ಅಲ್ಲಿನ ಪ್ರಧಾನಿಗೆ ಬಹಿರಂಗ ಪತ್ರ ಬರೆದು, ವಯಸ್ಸಿನ ನಿಷೇಧ ತೀರಾ ಒರಟಾದ ಉಪಕರಣ ಎಂದಿದ್ದರು. ಮನೆಯಲ್ಲಿ, ಶಾಲೆಯಲ್ಲಿ ತನ್ನಂಥವರು ಸಿಗದ ಮಗು, ಅಂಗವೈಕಲ್ಯದಿಂದ ಮನೆಯಲ್ಲೇ ಉಳಿದ ಮಗು, ದೂರದ ಪ್ರದೇಶದ ಮಗು, ಇವರಿಗೆ ಜಾಲತಾಣ ಒಂದು ಆಸರೆಯೂ ಹೌದು. ಖಾತೆ ಕಳೆದುಕೊಂಡ ಮಗು ಕಡಿಮೆ ನಿಗಾ ಇರುವ ಬೇರೆ ತಾಣಕ್ಕೆ ಜಾರಬಹುದು, ಮತ್ತು ಅಲ್ಲಿ ತೊಂದರೆಯಾದರೆ ‘ನಿನಗೆ ಅಲ್ಲಿರಲು ಅನುಮತಿಯೇ ಇರಲಿಲ್ಲವಲ್ಲ’ ಎಂಬ ಬೈಗುಳಕ್ಕೆ ಹೆದರಿ ದೊಡ್ಡವರ ಹತ್ತಿರ ಬಾಯಿ ಬಿಡದಿರಬಹುದು. ಈ ಕೊನೆಯ ಅಪಾಯದ ಬಗ್ಗೆ ಚರ್ಚೆ ಆಗಬೇಕಾದಷ್ಟು ಆಗಿಲ್ಲ. ಕಾನೂನಿನ ಸಿಂಧುತ್ವವನ್ನು ಪ್ರಶ್ನಿಸಿ ಹದಿಹರೆಯದ ಇಬ್ಬರು ಮತ್ತು ರೆಡಿಟ್ ಕಂಪನಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಮೆಟ್ಟಿಲೇರಿದ್ದಾರೆ.

ದಕ್ಷಿಣ ಕೊರಿಯಾದ ಅನುಭವವೂ ನೆನಪಿಡಬೇಕಾದದ್ದು. 2011ರಲ್ಲಿ ಆ ದೇಶ 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ಆಡುವುದನ್ನು ಕಾನೂನಿನಿಂದ ತಡೆಯಿತು. ಮಕ್ಕಳು ದೊಡ್ಡವರ ಗುರುತಿನ ಸಂಖ್ಯೆ ಬಳಸಿದರು. ಆಟಗಳೂ ಕಂಪ್ಯೂಟರಿನಿಂದ ಮೊಬೈಲಿಗೆ ಸರಿದವು. ನಿದ್ರೆಯಲ್ಲಿ ಆದ ಸುಧಾರಣೆ ಅತ್ಯಲ್ಪ. ಹತ್ತು ವರ್ಷಗಳ ಬಳಿಕ ಸರ್ಕಾರವೇ ಅದನ್ನು ರದ್ದುಗೊಳಿಸಿತು. ತಂತ್ರಜ್ಞಾನ ಸ್ಥಳ ಬದಲಿಸುವ ವೇಗಕ್ಕೆ, ತಾಣಗಳ ಪಟ್ಟಿ ಹಿಡಿದು ಕೂತ ಕಾನೂನು ಸರಿಸಾಟಿಯಾಗಲಿಲ್ಲ.

ವಯಸ್ಸನ್ನು ಅಳೆಯುವ ಬಗೆ

ಖಾತೆ ತೆರೆಯಲು ಹೊರಟ ಹುಡುಗಿಯೊಬ್ಬಳ ಮುಂದೆ ಮೊಬೈಲ್ ಪರದೆಯ ಮೇಲೆ ಮೊಟ್ಟೆಯಾಕಾರದ ಚೌಕಟ್ಟು ಮೂಡುತ್ತದೆ. ಮುಖವನ್ನು ಅದರೊಳಗೆ ಹಿಡಿದು ಕತ್ತನ್ನು ಎಡಕ್ಕೆ, ಬಲಕ್ಕೆ ತಿರುಗಿಸಬೇಕು. ಕೆಲವು ಕ್ಷಣಗಳಲ್ಲಿ ತಂತ್ರಾಂಶ ಅವಳ ವಯಸ್ಸನ್ನು ಊಹಿಸುತ್ತದೆ. ಇಪ್ಪತ್ತೈದರವರನ್ನು ಹತ್ತರವರಿಂದ ಬೇರ್ಪಡಿಸುವುದು ಈ ತಂತ್ರಾಂಶಕ್ಕೆ ಸುಲಭ. ಹದಿನೈದೂವರೆಯನ್ನು ಹದಿನಾರರಿಂದ ಬೇರ್ಪಡಿಸುವುದು ಅಷ್ಟು ಸುಲಭವಲ್ಲ, ಏಕೆಂದರೆ ಅಂದಾಜಿನಲ್ಲಿ ಒಂದೆರಡು ವರ್ಷದ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಗೆರೆಯ ಆಚೀಚೆ ಇರುವವರಲ್ಲೇ ತಪ್ಪು ಹೆಚ್ಚು. ಮತ್ತು ಈ ಕಾನೂನಿಗೆ ಮುಖ್ಯವಾದವರು ಗೆರೆಯ ಆಚೀಚೆ ಇರುವವರೇ.

ಅಂದಾಜು ಹೊಂದಿಕೆಯಾಗದಿದ್ದಾಗ ಗುರುತಿನ ಚೀಟಿ ಕೇಳುವ ಪ್ರಸಂಗ ಬರುತ್ತದೆ. ಕಂಪನಿ ಸರ್ಕಾರಿ ಗುರುತಿನ ಚೀಟಿಯೊಂದನ್ನೇ ಕಡ್ಡಾಯ ಮಾಡುವಂತಿಲ್ಲ, ಬೇರೆ ದಾರಿಯನ್ನೂ ಕೊಡಬೇಕು ಎಂದು ಆಸ್ಟ್ರೇಲಿಯಾದ ಕಾನೂನು ಹೇಳುತ್ತದೆ. ಈ ಎಚ್ಚರ ಅನಗತ್ಯವಲ್ಲ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಹರಟೆ-ಸಂದೇಶ ಸೇವೆಯ ಹೊರಗುತ್ತಿಗೆ ಸಂಸ್ಥೆಯೊಂದರ ಮೇಲೆ ನಡೆದ ದಾಳಿಯಲ್ಲಿ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಗಳ ಚಿತ್ರಗಳು ಸೋರಿಕೆಯಾಗಿರಬಹುದು ಎಂದು ಆ ಕಂಪನಿಯೇ ತಿಳಿಸಿತ್ತು. ಮಕ್ಕಳನ್ನು ಹೊರಗಿಡಬೇಕಾದರೆ ದೊಡ್ಡವರೂ ತಾವು ಮಕ್ಕಳಲ್ಲವೆಂದು ಸಾಬೀತುಪಡಿಸಬೇಕು, ಆದ್ದರಿಂದ ಈ ಕಾನೂನಿನ ಭಾರ ಎಲ್ಲ ವಯಸ್ಸಿನವರ ಮೇಲೂ ಬೀಳುತ್ತದೆ. ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ವಯಸ್ಕರ ವಿಷಯವಸ್ತುವಿಗೆ ವಯಸ್ಸಿನ ತಪಾಸಣೆ ಕಡ್ಡಾಯವಾದ ಕೂಡಲೇ, ಬಳಸುವವರು ಇರುವ ದೇಶವನ್ನು ಮರೆಮಾಚುವ ವಿಪಿಎನ್ ಆ್ಯಪ್‌ಗಳಿಗೆ ಬೇಡಿಕೆ ಏರಿದ್ದನ್ನೂ ಇದರ ಜೊತೆಗೆ ನೋಡಬೇಕು.

47 ಲಕ್ಷ ಎಂಬ ಸಂಖ್ಯೆಯನ್ನೂ ಈ ಬೆಳಕಿನಲ್ಲಿ ಓದಬೇಕಾಗುತ್ತದೆ. ಖಾತೆ ಬೇರೆ, ಮಗು ಬೇರೆ. ಒಂದೇ ಮಗುವಿಗೆ ನಾಲ್ಕು ತಾಣಗಳಲ್ಲಿ ನಾಲ್ಕು ಖಾತೆ ಇರಬಹುದು, ಅವುಗಳಲ್ಲಿ ಎರಡು ಎಂದೋ ಬಳಕೆ ತಪ್ಪಿದವೂ ಆಗಿರಬಹುದು. ಮುಚ್ಚಿದ ಖಾತೆಗಳ ಲೆಕ್ಕ ಕಂಪನಿಗಳು ಏನೋ ಮಾಡುತ್ತಿವೆ ಎಂಬುದನ್ನು ತೋರಿಸುತ್ತದೆ. ಮಕ್ಕಳ ದಿನಚರಿ ಬದಲಾಗಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಸಮಾಜಕ್ಕಾಗುವ ಪರಿಣಾಮಕ್ಕೆ ವಯೋಮಿತಿಯಿಲ್ಲ

ಚರ್ಚೆಯೆಲ್ಲ ಮಕ್ಕಳ ಸುತ್ತ ತಿರುಗುತ್ತಿರುವಾಗ ದೊಡ್ಡವರ ವಿಷಯ ಹಿಂದೆ ಸರಿದಿದೆ. ಸುಳ್ಳು ಸುದ್ದಿಯನ್ನು ಹಂಚುವವರಲ್ಲಿ, ಸಿಟ್ಟಿನ ಪೋಸ್ಟಿನ ಕೆಳಗೆ ಜಗಳ ಕಾಯುವವರಲ್ಲಿ ಹೆಚ್ಚಿನವರು ಹದಿನೈದರವರಲ್ಲ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1.26 ಲಕ್ಷ ಸುದ್ದಿ ಎಳೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಳ್ಳು ಮರುಹಂಚಿಕೆಯಾಗುವ ಸಾಧ್ಯತೆ ನಿಜಕ್ಕಿಂತ ಶೇ 70ರಷ್ಟು ಹೆಚ್ಚಿತ್ತು. 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಆರು ಪಟ್ಟು ಹೆಚ್ಚು ಸಮಯ ಬೇಕಾಯಿತು. ಇದಕ್ಕೆ ಯಂತ್ರಚಾಲಿತ ಖಾತೆಗಳಿಗಿಂತ ಮನುಷ್ಯರೇ ಹೆಚ್ಚು ಕಾರಣರಾಗಿದ್ದರು, ಏಕೆಂದರೆ ಸುಳ್ಳು ಹೊಸದಾಗಿ, ಅಚ್ಚರಿ ಹುಟ್ಟಿಸುವಂತೆ ಇರುತ್ತದೆ.

ಆ ಮನುಷ್ಯಸಹಜ ದೌರ್ಬಲ್ಯಕ್ಕೆ ಯಂತ್ರ ಗಾಳಿ ಊದುತ್ತದೆ. ಫೇಸ್‌ಬುಕ್‌ನ ಆಂತರಿಕ ದಾಖಲೆಗಳ ಪ್ರಕಾರ 2017ರಿಂದ, ಬಳಕೆದಾರನ ಮುಂದೆ ಒಂದರ ಕೆಳಗೊಂದು ಬರುವ ಬರಹಗಳ ಸಾಲಾದ ಫೀಡ್‌ನ ಲೆಕ್ಕಾಚಾರದಲ್ಲಿ ಎಮೋಜಿ ಪ್ರತಿಕ್ರಿಯೆಗಳಿಗೆ ಲೈಕ್‌ಗಿಂತ ಐದು ಪಟ್ಟು ತೂಕವಿತ್ತು, ಕೋಪದ ಎಮೋಜಿಗೂ ಸೇರಿ. ಯಾರನ್ನಾದರೂ ರೇಗಿಸುವ ಬರಹ ಹೀಗೆ ಹೆಚ್ಚು ಜನರ ಮುಂದೆ ಬರುತ್ತಿತ್ತು. ಹೆಚ್ಚು ಜನ ನೋಡಿದಾಗ ಹೆಚ್ಚು ಜನ ರೇಗುತ್ತಿದ್ದರು. ಅದು ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಬರೆಯುವವರು, ರಾಜಕೀಯ ಪಕ್ಷಗಳು, ಸುದ್ದಿಮನೆಗಳು ಈ ಒಲವನ್ನು ಬೇಗ ಅರಿತುಕೊಂಡು ತಮ್ಮ ಧಾಟಿಯನ್ನು ಅದಕ್ಕೆ ಹೊಂದಿಸಿಕೊಂಡರು. ಆ ಕೋಪದ ತೂಕವನ್ನು ಕಂಪನಿ ಮುಂದೆ ಇಳಿಸುತ್ತ ಬಂದು 2020ರಲ್ಲಿ ಸೊನ್ನೆ ಮಾಡಿತು. ಒಂದು ಸಂಖ್ಯೆಯನ್ನು ಬದಲಿಸಿದರೆ ಕೋಟ್ಯಂತರ ಜನರ ಮುಂದೆ ಬರುವ ವಿಷಯ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ವಯಸ್ಕರು ಜಾಲತಾಣವನ್ನು ಬಿಟ್ಟು ನೋಡಿದರೆ ಏನಾಗುತ್ತದೆ? ಅಮೆರಿಕದಲ್ಲಿ 2018ರ ಮಧ್ಯಂತರ ಚುನಾವಣೆಗೆ ಮುನ್ನ ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ ಮತ್ತು ಸಂಗಡಿಗರು ಕೆಲವರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ದಿನಕ್ಕೆ ಸರಾಸರಿ ಒಂದು ಗಂಟೆ ಮಿಕ್ಕಿತು. ಆ ಸಮಯ ಬೇರೆ ಜಾಲತಾಣಗಳಿಗೆ ಹೋಗದೆ ಸ್ನೇಹಿತರ, ಮನೆಯವರ ಜೊತೆಗೂ ಒಂಟಿಯಾಗಿ ಟಿವಿ ನೋಡುವುದಕ್ಕೂ ಹೋಯಿತು. ರಾಜಕೀಯ ಧ್ರುವೀಕರಣ ಸ್ವಲ್ಪ ತಗ್ಗಿತು, ನೆಮ್ಮದಿ ಸ್ವಲ್ಪ ಹೆಚ್ಚಿತು, ಆದರೆ ಸುದ್ದಿಯ ತಿಳಿವಳಿಕೆಯೂ ಕುಗ್ಗಿತು. ಪ್ರಯೋಗ ಮುಗಿದ ಮೇಲೂ ಆ ಜನ ಮೊದಲಿಗಿಂತ ಕಡಿಮೆ ಬಳಸಿದರು. ಅಭ್ಯಾಸವನ್ನು ಕೆಲವು ದಿನ ಮುರಿದರೆ ಅದರ ಹಿಡಿತ ಸಡಿಲವಾಗುತ್ತದೆ ಎಂಬ ಈ ಅಂಶ, ಖಾತೆ ಕಳೆದುಕೊಂಡ ಹದಿಹರೆಯದವರ ವಿಷಯದಲ್ಲೂ ನಿಜವಾಗಬಹುದೆಂಬ ಆಸೆಗೆ ಎಡೆಕೊಡುತ್ತದೆ.

ಬೇರೆ ದಾರಿ ಹಿಡಿದವರು

ವಯಸ್ಸಿನ ದಾರಿಯಲ್ಲಿ ಆಸ್ಟ್ರೇಲಿಯಾ ಒಂಟಿಯಾಗಿಲ್ಲ. ಡೆನ್ಮಾರ್ಕ್ 15ರ ಮಿತಿಗೆ ರಾಜಕೀಯ ಒಮ್ಮತ ಮಾಡಿಕೊಂಡಿದೆ. ಯುರೋಪ್ ಸಂಸತ್ತು 2025ರ ನವೆಂಬರ್‌ನಲ್ಲಿ 16ರ ಮಿತಿಯನ್ನು ಬೆಂಬಲಿಸುವ, ಕಟ್ಟುಪಾಡಿಲ್ಲದ ನಿರ್ಣಯ ಅಂಗೀಕರಿಸಿತು. ಭಾರತ ಈ ಸಮಸ್ಯೆಯನ್ನು ಮಾಹಿತಿ ರಕ್ಷಣೆಯ ಕಡೆಯಿಂದ ಹಿಡಿದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲರೂ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿತ ಒಪ್ಪಿಗೆ ಬೇಕು. ಅವರ ನಡವಳಿಕೆಯ ಜಾಡು ಹಿಡಿಯುವುದನ್ನು ಮತ್ತು ಅವರನ್ನೇ ಗುರಿಯಾಗಿಸಿದ ಜಾಹೀರಾತನ್ನು ಕಾಯ್ದೆ ನಿಷೇಧಿಸುತ್ತದೆ. ಉಲ್ಲಂಘನೆಗೆ 200 ಕೋಟಿ ರೂಪಾಯಿವರೆಗೆ ದಂಡವಿದೆ. 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಂದಿದ್ದು, ಹಂತಹಂತವಾಗಿ ಜಾರಿಯಾಗಲಿವೆ.

ಮೂರನೆಯ ದಾರಿ ವಿನ್ಯಾಸದ್ದು, ಮತ್ತು ಇದೇ ಹೆಚ್ಚು ಫಲ ಕೊಡುವಂಥದ್ದು ಎಂದು ಮೇಲಿನ ಸಾಕ್ಷ್ಯಗಳು ಸೂಚಿಸುತ್ತವೆ. ವಿಡಿಯೊ ನೋಡಿದ್ದಕ್ಕೆ ಬಳಕೆದಾರರಿಗೆ ಅಂಕ ಕೊಟ್ಟು ಬಹುಮಾನ ನೀಡುವ ಸೌಲಭ್ಯವನ್ನು ಟಿಕ್‌ಟಾಕ್ ಲೈಟ್ ಆ್ಯಪ್ ಯುರೋಪಿನಲ್ಲಿ ತಂದಾಗ, ಯುರೋಪ್ ಆಯೋಗ 2024ರ ಏಪ್ರಿಲ್‌ನಲ್ಲಿ ಡಿಜಿಟಲ್ ಸೇವೆಗಳ ಕಾಯ್ದೆಯಡಿ ವಿಚಾರಣೆ ಆರಂಭಿಸಿತು. ವ್ಯಸನ ಹುಟ್ಟಿಸುವ ಅಪಾಯವನ್ನು ಮೊದಲೇ ಅಳೆಯದೆ ಬಿಡುಗಡೆ ಮಾಡಲಾಗಿದೆ ಎಂಬುದು ಆಕ್ಷೇಪವಾಗಿತ್ತು. ಆಗಸ್ಟ್ ಹೊತ್ತಿಗೆ ಕಂಪನಿ ಆ ಸೌಲಭ್ಯವನ್ನು ಅಲ್ಲಿ ಕಾಯಂ ಆಗಿ ಹಿಂತೆಗೆದುಕೊಂಡಿತು. ಯಾರ ವಯಸ್ಸನ್ನೂ ಕೇಳಬೇಕಾಗಲಿಲ್ಲ, ಯಾರ ಮುಖವನ್ನೂ ಅಳೆಯಬೇಕಾಗಲಿಲ್ಲ, ಪ್ರಯೋಜನ ಹದಿನಾಲ್ಕರವರಿಗೂ ನಲವತ್ತರವರಿಗೂ ಒಟ್ಟಿಗೆ ಸಿಕ್ಕಿತು. ನ್ಯೂಯಾರ್ಕ್ ರಾಜ್ಯ 2024ರ ಜೂನ್‌ನಲ್ಲಿ ಮಾಡಿದ ಕಾನೂನು, ಪೋಷಕರ ಒಪ್ಪಿಗೆಯಿಲ್ಲದೆ 18ರೊಳಗಿನವರಿಗೆ ಅಲ್ಗಾರಿದಮ್ (ತಾಣದ ಲೆಕ್ಕಾಚಾರದ ತಂತ್ರಾಂಶ) ಆರಿಸಿದ ಫೀಡ್ ತೋರಿಸುವುದನ್ನು ತಡೆಯುತ್ತದೆ. ಖಾತೆ ಇರಲಿ, ಆದರೆ ಅದು ತಾನು ಅನುಸರಿಸುವವರ ಬರಹಗಳನ್ನಷ್ಟೇ ತೋರಿಸಲಿ ಎಂಬುದು ಅದರ ನಿಲುವು.

ಆಸ್ಟ್ರೇಲಿಯಾದ ಕಾನೂನಿನ ನಿಜವಾದ ಬೆಲೆ ಇರುವುದು ಹೊಣೆಯನ್ನು ಮನೆಯಿಂದ ಕಂಪನಿಗೆ ದಾಟಿಸಿದ್ದರಲ್ಲಿ. ಆ ಹೊಣೆ ಖಾತೆಯ ಹೊಸ್ತಿಲಿಗೇ ನಿಂತುಬಿಡುವುದು ಅದರ ಕೊರತೆ. ಮಕ್ಕಳು ಹೊರಗಿದ್ದಾರೆ, ಇನ್ನು ಒಳಗಿರುವವರೆಲ್ಲ ದೊಡ್ಡವರು ಎಂದು ಕಂಪನಿ ವಾದಿಸಲು ಆಸ್ಪದವಾದರೆ, ಒಳಗಿನ ವಿನ್ಯಾಸವನ್ನು ತಿದ್ದಬೇಕೆಂಬ ಒತ್ತಡವೇ ಸಡಿಲವಾಗಬಹುದು.

ಮುಂದೆ ನೋಡಬೇಕಾದದ್ದು

ಜಾರಿಯಾದ ಎರಡು ವರ್ಷಗಳೊಳಗೆ ಕಾನೂನಿನ ಸ್ವತಂತ್ರ ಪರಿಶೀಲನೆ ಆರಂಭವಾಗಬೇಕೆಂದು ಕಾಯ್ದೆಯಲ್ಲೇ ಇದೆ. ಆಗ ಮುಚ್ಚಿದ ಖಾತೆಗಳ ಪಟ್ಟಿಗಿಂತ ಬೇರೆಯ ಲೆಕ್ಕಗಳು ಬೇಕಾಗುತ್ತವೆ. ಮಕ್ಕಳು ಎಷ್ಟು ಗಂಟೆಗೆ ಮಲಗುತ್ತಿದ್ದಾರೆ, ಮಿಕ್ಕಿದ ಸಮಯ ಎಲ್ಲಿಗೆ ಹೋಯಿತು, ಲಾಗಿನ್ ಇಲ್ಲದ ಬಳಕೆ ಎಷ್ಟು ಏರಿತು, ಪಟ್ಟಿಯಲ್ಲಿಲ್ಲದ ಆ್ಯಪ್‌ಗಳಿಗೆ ಎಷ್ಟು ಮಂದಿ ಸರಿದರು, ತೊಂದರೆಗೆ ಸಿಲುಕಿ ಸಹಾಯವಾಣಿಗೆ ಕರೆ ಮಾಡುವ ಮಕ್ಕಳ ಸಂಖ್ಯೆ ಏರಿತೋ ಇಳಿಯಿತೋ. ಕಾನೂನಿಲ್ಲದ ನೆರೆಯ ದೇಶಗಳ ಅದೇ ವಯಸ್ಸಿನ ಮಕ್ಕಳೊಂದಿಗೆ ಹೋಲಿಸಿದಾಗಲಷ್ಟೇ ಈ ಉತ್ತರಗಳಿಗೆ ಅರ್ಥ ಬರುತ್ತದೆ.

2025ರ ಡಿಸೆಂಬರ್ 10ರಂದು ಹದಿನಾಲ್ಕು ತುಂಬಿದ ಮಗುವಿಗೆ 2027ರ ಅದೇ ದಿನ ಹದಿನಾರು ತುಂಬುತ್ತದೆ. ಪರಿಶೀಲನೆ ಆರಂಭವಾಗುವ ಹೊತ್ತಿಗೆ ಆ ಮಗು ಗೆರೆಯನ್ನು ದಾಟಿ ಖಾತೆ ತೆರೆಯಬಹುದು. ಅಂದು ಅದರ ಪರದೆಯ ಮೇಲೆ ಮೂಡುವ ಪುಟಕ್ಕೆ ಕೊನೆ ಇರಬೇಕು, ಒಂದು ವಿಡಿಯೊ ಮುಗಿದಾಗ ಇನ್ನೊಂದು ತಾನಾಗಿ ಶುರುವಾಗದೆ ಕಾಯಬೇಕು ಎಂದು ಈ ಕಾನೂನಿನ ಯಾವ ಕಲಮೂ ಸದ್ಯಕ್ಕೆ ಕೇಳುವುದಿಲ್ಲ.